ಹಲ್ಲಜ್ಜಿಯ ಗಾರೆ

ಹಲ್ಲಜ್ಜಿಗೆ ಕೋಪ ಮೂಗಿನ ತುದಿಯಲ್ಲೇ. ಅವಳಿಗೆ ಎಪ್ಪತ್ತೆಂಟಾಗಿತ್ತು, ಕೋಪಕ್ಕೆ ಇನ್ನೂ ಇಪ್ಪತ್ತು. ಹುಳುಕು ಹಲ್ಲನ್ನು ಕೊರೆಯದೆ, ನೋಯಿಸದೆ ಮೆತ್ತುವ ಗಾರೆಯನ್ನು ಕಂಡುಹಿಡಿದವಳು ಇವಳೇ. "ಐದು ವರ್ಷ ಬಾಳಿದ್ರೆ ಹೆಚ್ಚು, ಆಮೇಲೆ ಒಳಗೇ ಬಿರುಕು ಬಿಡುತ್ತೆ" ಎಂದು ಆಗ ದೊಡ್ಡ ದೊಡ್ಡ ಡಾಕ್ಟರುಗಳು ನಕ್ಕಿದ್ದರು. ಈಗ ಊರೂರಿನ ಶಾಲೆಮಕ್ಕಳ ಬಾಯಲ್ಲಿ ಅದೇ ಗಾರೆ. ಆದರೂ ಆ ಮಾತು ಅಜ್ಜಿಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಬಿರುಕು ಬಿಟ್ಟಿದೆಯೋ ಇಲ್ಲವೋ, ಹಲ್ಲು ಸೀಳಿ ನೋಡಿದರೇ ಗೊತ್ತಾಗುವುದು. ಮೊಟ್ಟಮೊದಲ ಗಾರೆ ಇದ್ದದ್ದು ಗಂಡನ ದವಡೆಹಲ್ಲೊಂದರಲ್ಲಿ, ನಲವತ್ತೆರಡು ವರ್ಷದಿಂದ.

ಗಂಡ ದರ್ಜಿ, ಮಹಾ ಹಟಮಾರಿ. ಅವತ್ತು ಗಾರೆ ಮೆತ್ತಿದ ಮೇಲೆ ಮೂರು ದಿನ ಬಾಯೆಲ್ಲ ಕಹಿಯಾಗಿದ್ದಕ್ಕೆ, "ನಾನು ನಿನ್ನ ಗಂಡ ಕಣೇ, ಪ್ರಯೋಗದ ಇಲಿ ಅಲ್ಲ" ಎಂದವನು ಮತ್ತೆ ಹೆಂಡತಿಗೆ ಬಾಯಿ ತೋರಿಸಿದ್ದರೆ ಕೇಳಿ! ಈಗ ವಸಡು ಸಡಿಲವಾಗಿ ಆ ಹಲ್ಲು ಅಲುಗಾಡತೊಡಗಿತ್ತು. ಕೀಳಿಸುವುದಕ್ಕೆ ಕುಳಿತದ್ದೂ ಹಲ್ಲಿನ ಡಾಕ್ಟರಾದ ಸೊಸೆಯ ಮುಂದೆಯೇ. ಅಜ್ಜಿ ಕ್ಲಿನಿಕ್ಕಿನ ಹಿಂದಿದ್ದ ತನ್ನ ಹಳೆಯ ಲ್ಯಾಬಿನಲ್ಲಿ ಶತಪಥ ಹಾಕುತ್ತಿದ್ದಳು.

ಸೊಸೆ ಸ್ಟೀಲಿನ ತಟ್ಟೆಯಲ್ಲಿ ಹಲ್ಲು ತಂದಳು. ಅಜ್ಜಿ ಭೂತಗನ್ನಡಿ ಹಿಡಿದು ಅದನ್ನು ಹಿಂದೆ ಮುಂದೆ ತಿರುಗಿಸಿದಳು. ಎಲ್ಲೆಲ್ಲೂ ನುಣುಪು, ಒಂದೇ ಬಣ್ಣ, ತೇಪೆಯ ಗುರುತೇ ಇಲ್ಲ.

"ಅಯ್ಯೋ ನಿನ್ನ! ಪಕ್ಕದ ಹಲ್ಲು ಕಿತ್ತಿದ್ದೀಯಲ್ಲೇ! ಇದು ಹುಟ್ಟಿದ ಹಾಗೇ ಇರೋ ಹಲ್ಲು, ಇದ್ರಲ್ಲಿ ಗಾರೆ ಎಲ್ಲಿದೆ?"

"ಅತ್ತೆ, ಅಲುಗಾಡ್ತಿದ್ದಿದ್ದು ಇದೊಂದೇ."

"ನಂಗೇ ಪಾಠ ಹೇಳ್ತೀಯಾ? ಯಾವ ಕಾಲೇಜಲ್ಲಿ ಕಲಿತೆ ನೀನು?"

ಹೊರಗೆ ಕಾಯುತ್ತಿದ್ದ ರೋಗಿಗಳ ಪೈಕಿ ಇಬ್ಬರು ಮೆಲ್ಲಗೆ ಎದ್ದು ನಿಂತರು. ಕುರ್ಚಿಯಲ್ಲಿದ್ದ ಗಂಡ ಬಾಯಲ್ಲಿ ಹತ್ತಿ ತುರುಕಿಕೊಂಡು "ಹ್ಞೂಂ, ಹ್ಞೂಂ" ಎನ್ನುತ್ತಿದ್ದ, ಏನೆಂದು ಯಾರಿಗೂ ತಿಳಿಯಲಿಲ್ಲ.

ಸೊಸೆ ಹಲ್ಲನ್ನು ಸಣ್ಣ ಗರಗಸಕ್ಕೆ ಕೊಟ್ಟು, ಸೀಳಿದ ತುಂಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಪಕ್ಕಕ್ಕೆ ಸರಿದಳು. ಅಜ್ಜಿ ಬಗ್ಗಿ ನೋಡಿದಳು. ಹಲ್ಲಿನ ನಡುವೆ ಬೇಳೆಯಷ್ಟು ಅಗಲದ ಮಂಕು ಬಿಳುಪು. ತನ್ನದೇ ಗಾರೆ! ಅದರ ಅಂಚನ್ನು ಹಿಡಿದು ಕಣ್ಣಲ್ಲೇ ಸುತ್ತಲೂ ಹೋದಳು. ಮತ್ತೊಮ್ಮೆ ಹೋದಳು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ಅಜ್ಜಿ ಸ್ಟೂಲಿನ ಮೇಲೆ ಕೂತಳು. ಖುಷಿಗೆ ಕಣ್ಣೀರು ಧಾರಾಕಾರ.

"ನಾನು ಮಾಡಿದ ಕೆಲಸ ನಂಗೇ ಗುರುತು ಸಿಗ್ಲಿಲ್ಲ ಕಣೇ. ಬೈದದ್ದು ತಪ್ಪಾಯ್ತು ಮಗಳೇ."

ಹದಿನೆಂಟು ವರ್ಷದ ಸೊಸೆತನದಲ್ಲಿ ಕೇಳದ ಮಾತು ಇದು. ಇಂಥದ್ದನ್ನು ಅವಳು ಸುಮ್ಮನೆ ಬಿಟ್ಟಾಳೇ?

"ಬೈದದ್ದು ಹೊರಗಿನವರಿಗೆಲ್ಲ ಕೇಳಿಸಿದೆ ಅತ್ತೆ. ಇದು ಮಾತ್ರ ನನ್ನೊಬ್ಬಳಿಗೇನಾ?"

ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡಳು. ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದಳು.

"ಎಲ್ಲರೂ ಕೇಳ್ರಪ್ಪಾ! ನನ್ನ ಸೊಸೆ ಸರಿಯಾದ ಹಲ್ಲೇ ಕಿತ್ತಿದ್ದಾಳೆ. ತಪ್ಪು ನಂದು!"