ಆರನೇ ಪಾಯಿಂಟ್

ನಮ್ಮ ದ್ವೀಪದಲ್ಲಿ ನೋಡಲೇಬೇಕಾದ ಜಾಗಗಳು ಐದು ಎಂದು ಟೂರ್ ಕಂಪನಿಯ ಕರಪತ್ರದಲ್ಲಿ ಅಚ್ಚಾಗಿದೆ. ದೀಪಸ್ತಂಭ, ಬಿಳಿ ಮರಳಿನ ದಂಡೆ, ಗುಹೆ, ಆಮೆಗಳು ಮೊಟ್ಟೆಯಿಡುವ ತೀರ, ಕಪ್ಪೆಚಿಪ್ಪಿನ ಸಾಮಾನಿನ ಅಂಗಡಿ ಸಾಲು. ದೀಪಸ್ತಂಭಕ್ಕೆ ಬೀಗ ಬಿದ್ದು ಒಂಬತ್ತು ವರ್ಷವಾಯಿತು. ಗುಹೆ ಅನ್ನುವುದು ಇಬ್ಬರು ಬಗ್ಗಿ ನಿಂತರೆ ತುಂಬಿಹೋಗುವ ಪೊಟರೆ. ಆಮೆಗಳು ನಮ್ಮ ಬಸ್ಸುಗಳ ಹಾರನ್ನಿಗೆ ಬೇಸತ್ತು ಯಾವ ಕಾಲದಲ್ಲೋ ಬೇರೆ ದಡ ನೋಡಿಕೊಂಡವು. ಉಳಿದದ್ದೆಲ್ಲ ನನ್ನ ಬಾಯಿ. ಕೈಗೆ ಮೈಕು ಕೊಡಿ, ಖಾಲಿ ಮರಳಿನ ಮೇಲೆ ಇನ್ನೂರು ಆಮೆ ನಡೆಸಿ ತೋರಿಸುತ್ತೇನೆ.

ನಮ್ಮ ಕಸುಬಿನಲ್ಲಿ ಜಾಗ ಅನ್ನುವುದಿಲ್ಲ, ಪಾಯಿಂಟ್ ಅನ್ನುತ್ತೇವೆ. ಜಾಗ ಎಲ್ಲಿ ಬೇಕಾದರೂ ಇರುತ್ತದೆ. ಬಸ್ಸು ನಿಂತು ಗೈಡ್ ಬಾಯಿ ತೆರೆದರೆ ಅದು ಪಾಯಿಂಟ್. ನಮ್ಮಲ್ಲಿ ಆರನೆಯದೂ ಒಂದಿದೆ, ಕರಪತ್ರದಲ್ಲಿಲ್ಲ. ಅದನ್ನು ಮಾಡಿದವನು ನಾನು. ಆ ಪಾಯಿಂಟ್ ನನ್ನ ಸ್ವಂತ ಅಕ್ಕ.

ಹೋದ ವರ್ಷ ಬಂಡೆಯ ತಿರುವಿನಲ್ಲಿ ಮಿನಿ ಬಸ್ಸಿನ ಚಕ್ರ ಪಂಕ್ಚರಾಯಿತು. ಡ್ರೈವರ್ ಸೀಟಿನ ಕೆಳಗೆ ಜಾಕ್ ಹುಡುಕುತ್ತಿದ್ದ. ಬಿಸಿಲಿಗೆ ಬೆಂದ ಜನ ಕರಪತ್ರದಿಂದ ಗಾಳಿ ಬೀಸಿಕೊಳ್ಳುತ್ತ, ಇದೇನು ಟೂರೋ ಶಿಕ್ಷೆಯೋ ಎಂದು ಗೊಣಗುತ್ತಿದ್ದರು. ಅದಕ್ಕೆ ಎರಡು ದಿನ ಮೊದಲಷ್ಟೇ ಮಾಲೀಕರು ನನ್ನನ್ನು ಕರೆದು, "ನಿನ್ನ ಮಾತು ಹಳಸಿಹೋಗಿದೆ ಕಣಯ್ಯ. ರೆಕಾರ್ಡ್ ಮಾಡಿದ ವಾಯ್ಸ್ ಹಾಕಿದ್ರೆ ಅದು ಊಟಕ್ಕೂ ಹೋಗಲ್ಲ, ರಜನೂ ಕೇಳಲ್ಲ" ಎಂದಿದ್ದರು. ಹತ್ತೊಂಬತ್ತು ವರ್ಷ ಮೈಕು ಹಿಡಿದವನಿಗೆ ಹೇಳುವ ಮಾತೇ ಅದು? ಗೊಣಗುವ ಜನರ ಮುಂದೆ ಮೈಕು ಹಿಡಿದು, ಏನಾದರೂ ಹೊಸದು ಹೇಳಲು ಹುಡುಕುತ್ತಿದ್ದೆ. ಆಗ ಕಿಟಕಿ ಪಕ್ಕದ ಒಬ್ಬ ಹೆಂಗಸು ಕೈ ತೋರಿಸಿ, "ಆ ಬಂಡೆ ಮೇಲೆ ಒಬ್ರೇ ನಿಂತಿದಾರಲ್ಲ, ಯಾರು ಅವ್ರು?" ಎಂದಳು.

ನಿಂತಿದ್ದವಳು ಅಕ್ಕ. ಅವಳಿಗೆ ಜೆಟ್ಟಿಯ ಬೋಟ್ ಆಫೀಸಿನಲ್ಲಿ ಹರಿದ ಲೈಫ್ ಜಾಕೆಟ್‌ಗಳಿಗೆ ಪಟ್ಟಿ ಹೊಲಿಯುವ ಕೆಲಸ. ನಾಲ್ಕು ಗಂಟೆಗೆ ಮಿಷನ್ನಿಗೆ ಬಟ್ಟೆ ಮುಚ್ಚಿ ಮನೆಗೆ ನಡೆದು ಬರುತ್ತಾಳೆ. ನಮ್ಮ ಕಡೆ ಫೋನಿಗೆ ಸಿಗ್ನಲ್ ಸಿಗುವುದು ಆ ಬಂಡೆಯ ತಿರುವಿನಲ್ಲಿ ಮಾತ್ರ, ಮಾತು ಸರಿಯಾಗಿ ಕೇಳಬೇಕಾದರೆ ಬಂಡೆ ಹತ್ತಿ ಸಮುದ್ರದ ಕಡೆ ಮುಖ ಮಾಡಿ ನಿಲ್ಲಬೇಕು. ಆಚೆ ದಡದಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ ಇದ್ದ. ಹರಿದ ಜಾಕೆಟ್‌ಗಳ ಗಂಟು ತಂದುಕೊಡುತ್ತ ಪರಿಚಯವಾದವನು. ಅವನ ಪಾಳಿ ಮುಗಿಯುವುದು ನಾಲ್ಕೂವರೆಗೆ. ಅಕ್ಕ ಅವನಿಗೆ ಫೋನ್ ಮಾಡುತ್ತಿದ್ದಳು, ಇಷ್ಟೇ ವಿಷಯ.

ಇಷ್ಟೇ ವಿಷಯ ಹೇಳಿದರೆ ಯಾವ ಪ್ರವಾಸಿ ಕಣ್ಣೊರೆಸಿಕೊಳ್ಳುತ್ತಾನೆ? ನಾನು ಮೈಕು ಎತ್ತಿಕೊಂಡು ದನಿ ಇಳಿಸಿದೆ. "ಆ ಹೆಂಗಸಿನ ಗಂಡ ಮೀನಿಗೆ ಹೋಗಿ ಆರು ವರ್ಷ ಆಯ್ತು. ದೋಣಿನೂ ಬರ್ಲಿಲ್ಲ, ಅವ್ರೂ ಬರ್ಲಿಲ್ಲ. ದಿನಾ ಇದೇ ಹೊತ್ತಿಗೆ ಇಲ್ಲಿ ನಿಂತು ಗಂಡನ ನಂಬರಿಗೆ ಫೋನ್ ಮಾಡ್ತಾರೆ. ಆ ಫೋನು ಸಮುದ್ರದ ತಳದಲ್ಲಿದೆ."

ಅರ್ಧ ನಿಜವೇ. ಭಾವ ಹೋದದ್ದು ಹಾಗೇ. ಅಕ್ಕ ಒಂದು ವರ್ಷ ಕಾದಳು. ಆಮೇಲೆ ಅವನ ಅಂಗಿಗಳನ್ನು ಯಾರಿಗೋ ಕೊಟ್ಟಳು, ಪ್ಯಾಂಟುಗಳನ್ನು ಕತ್ತರಿಸಿ ಚೀಲ ಹೊಲಿದಳು. ಈಗಲೂ ಆ ಚೀಲದಲ್ಲೇ ತರಕಾರಿ ತರುತ್ತಾಳೆ. ಆದರೆ ಚೀಲದ ಕಥೆ ಯಾರಿಗೆ ಬೇಕು?

"ಅಯ್ಯೋ, ನಗ್ತಾ ಇದಾರೆ ನೋಡಿ" ಎಂದಿತು ಇನ್ನೊಂದು ಸೀಟು. ಅಕ್ಕ ನಿಜವಾಗಿಯೂ ನಗುತ್ತಿದ್ದಳು. ಮೆಕ್ಯಾನಿಕ್ ಏನೋ ತಮಾಷೆ ಮಾಡಿರಬೇಕು. ನಾನು ಒಂದು ಕ್ಷಣವೂ ತಡವರಿಸಲಿಲ್ಲ. "ಹಳೇ ಮಾತು ನೆನಪಾದಾಗ ಹಾಗೆ ನಗ್ತಾರೆ." ಬಸ್ಸಿನಲ್ಲಿ ಕರ್ಚೀಫುಗಳು ಹೊರಬಂದವು. ಆ ವಾರ ಕಂಪನಿಯ ಪುಟದಲ್ಲಿ ಇಪ್ಪತ್ತು ಜನ ಐದೈದು ನಕ್ಷತ್ರ ಒತ್ತಿದ್ದರು. ಮಾಲೀಕರು ರೆಕಾರ್ಡಿನ ಮಾತು ಮತ್ತೆ ಎತ್ತಲಿಲ್ಲ, ನನ್ನ ಫೋಟೋ ಜೆಟ್ಟಿಯ ಬೋರ್ಡಿನ ಮೇಲೆ ಬಂತು.

ಅಂದಿನಿಂದ ಬಸ್ಸು ದಿನವೂ ನಾಲ್ಕೂವರೆಗೆ ಬಂಡೆಯ ತಿರುವಿನಲ್ಲಿ ನಿಲ್ಲುತ್ತಿತ್ತು. ಇಳಿಯಬಾರದು, ಕೂಗಬಾರದು, ಕಿಟಕಿಯಿಂದಲೇ ನೋಡಬೇಕು. ದುಃಖಕ್ಕೆ ಮರ್ಯಾದೆ ಕೊಡಿ ಎಂದು ನಾನು ಹೇಳಿದರೆ ಮಕ್ಕಳೂ ತೆಪ್ಪಗಿರುತ್ತಿದ್ದವು. ರಸ್ತೆಯಿಂದ ಬಂಡೆಗೆ ನೂರು ಹೆಜ್ಜೆ, ನಡುವೆ ಗಾಳಿ ಮತ್ತು ಅಲೆಯ ಸದ್ದು. ಅಕ್ಕನಿಗೆ ಏನೂ ಗೊತ್ತಿರಲಿಲ್ಲ. ಮನೆಯಲ್ಲಿ ನನ್ನ ಅಂಗಿಗೆ ಇಸ್ತ್ರಿ ಹಾಕುತ್ತ, "ನಿಮ್ಮ ಬಸ್ಸಿನೋರಿಗೆ ದಿನಾ ಅದೇ ಸಮುದ್ರ ನೋಡಿ ಬೇಜಾರಾಗಲ್ವೇನೋ?" ಎಂದು ಕೇಳುತ್ತಿದ್ದಳು. ನಾನು ನಕ್ಕು ತಟ್ಟೆ ಮುಂದೆ ಎಳೆದುಕೊಳ್ಳುತ್ತಿದ್ದೆ. ನನಗೆ ನಾಲ್ಕು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಅಲ್ಲಿಂದ ನನ್ನ ಗುಂಡಿ ಹಾಕಿದವಳು, ತಲೆ ಬಾಚಿದವಳು, ನನ್ನ ತೊದಲು ಬಿಡಿಸಿದವಳು ಇವಳೇ. ಮೈಕಿನ ಮುಂದೆ ನನಗೆ ನಾಲಗೆ ಹೊರಳುತ್ತಿದ್ದದ್ದೇ ಅವಳ ದೆಸೆಯಿಂದ.

ಒಂದು ದಿನ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ಮುಖ ಆ ಕಡೆ ತಿರುಗಿಸಿಕೊಂಡು, "ಅವ್ರು ಬರ್ತಾರಂತೆ ಕಣೋ, ಯಾವತ್ತು ಅಂತ ಹೇಳಿಲ್ಲ. ನಿನ್ನ ಹತ್ರ ಮಾತಾಡ್ಬೇಕಂತೆ. ನೀನು ಹೂಂ ಅಂದ್ರೆ ನಾನು ಆ ದಡಕ್ಕೆ ಹೋಗ್ತೀನಿ" ಎಂದಳು.

"ಹೋಗಿ?"

"ಹೋಗಿ ಬದುಕ್ತೀನಿ. ಇನ್ನೇನು?"

ನಲವತ್ತಮೂರು ವರ್ಷದವಳ ಕಿವಿ ಕೆಂಪಾಗಿತ್ತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ನನ್ನ ಅಂಗಿಗಳ ಯೋಚನೆ ಬಂತು, ಆಮೇಲೆ ಖಾಲಿ ಬಂಡೆಯ ಯೋಚನೆ ಬಂತು. ಯಾವುದು ಮೊದಲು ಬಂತೆಂದು ಈಗಲೂ ಹೇಳಲಾರೆ. "ಬರ್ಲಿ ನೋಡೋಣ" ಎಂದಷ್ಟೇ ಅಂದೆ. ಅಕ್ಕ ಅದನ್ನೇ ಹೂಂ ಎಂದು ತಿಳಿದುಕೊಂಡಳು.

ಮುಂದಿನ ವಾರ ಬಸ್ಸಿನ ಹಿಂದಿನ ಸೀಟಿನಲ್ಲಿ ಹೊಸ ಅಂಗಿ ತೊಟ್ಟ ಒಬ್ಬ ಗಂಡಸು ಒಬ್ಬನೇ ಕೂತಿದ್ದ. ಹತ್ತುವಾಗ ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದ. ನಾನು ತಲೆ ಎಣಿಸುವ ಗಡಿಬಿಡಿಯಲ್ಲಿ, "ಒಳಗೆ ಹೋಗಿ ಸರ್, ಹಿಂದೆ ಸೀಟಿದೆ" ಎಂದು ತಳ್ಳಿದ್ದೆ. ನಾಲ್ಕೂವರೆಗೆ ಬಂಡೆಯ ತಿರುವು ಬಂತು. ನಾನು ದನಿ ಇಳಿಸಿದೆ. ದೋಣಿ, ಆರು ವರ್ಷ, ಸಮುದ್ರದ ತಳದ ಫೋನು. ಅಕ್ಕ ಬಂಡೆಯ ಮೇಲೆ ನಿಂತು ಫೋನು ಕಿವಿಗಿಟ್ಟಳು.

ಹಿಂದಿನ ಸೀಟಿನಲ್ಲಿ ಫೋನ್ ಬಡಿದುಕೊಂಡಿತು.

ಎಲ್ಲರೂ ತಿರುಗಿ ನೋಡಿದರು. ಆ ಮನುಷ್ಯ ಫೋನು ಕೈಯಲ್ಲಿ ಹಿಡಿದು ಕಲ್ಲಾಗಿ ಕೂತಿದ್ದ. ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಎಂಜಿನ್ನಿನ ಮಸಿ. ಅವನು ಯಾರೆಂದು ನನಗೆ ಆಗ ಹೊಳೆಯಿತು. ಆದರೆ ಬಾಯಿ ನನಗಿಂತ ಚುರುಕು. "ದಯವಿಟ್ಟು ಫೋನ್ ಸೈಲೆಂಟ್ ಮಾಡಿ ಸರ್. ಸಂದರ್ಭ ನೋಡ್ಬೇಕು" ಎಂದೆ. ಮುಂದಿನ ಸೀಟಿನವರೆಲ್ಲ ಅವನನ್ನು ಕೆಂಗಣ್ಣಿನಿಂದ ನೋಡಿದರು. ಅವನು ಕರೆ ಕಡಿದ. ಬಂಡೆಯ ಮೇಲೆ ಅಕ್ಕ ಫೋನನ್ನು ಕಿವಿಯಿಂದ ತೆಗೆದು ನೋಡಿದಳು, ಮತ್ತೆ ಒತ್ತಿದಳು. ಒಬ್ಬಾಕೆ ಬಿಕ್ಕಿದಳು. "ಪಾಪ, ಎತ್ತೋರೇ ಇಲ್ವಲ್ಲ!"

ಅವನು ಇಳಿದು ಬಂದು ಬಸ್ಸಿನ ಹಿಂದೆ ನನ್ನನ್ನು ನಿಲ್ಲಿಸಿಕೊಂಡ. ಸಿಟ್ಟಿನವನಲ್ಲ, ದೊಡ್ಡ ಮೈಯ ಸಂಕೋಚದ ಮನುಷ್ಯ.

"ನೀವು ಅವ್ರ ತಮ್ಮ ಅಲ್ವಾ? ದಿನಾ ಹೀಗೆ ತೋರಿಸ್ತೀರಾ?"

"ವರ್ಷ ಆಯ್ತು ಸರ್."

ಅವನು ಬಂಡೆಯ ಕಡೆ ಎರಡು ಹೆಜ್ಜೆ ಹಾಕಿ ನಿಂತ. ತಿರುಗಿ ಒಂದೇ ಪ್ರಶ್ನೆ ಕೇಳಿದ. "ಇದು ಅವ್ರಿಗೆ ಗೊತ್ತಾ?"

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅವನು ನೂರು ಹೆಜ್ಜೆ ನಡೆಯುತ್ತಿದ್ದ, ಅಕ್ಕ ಆ ದಡ ಸೇರುತ್ತಿದ್ದಳು, ನಾನು ನಾಲ್ಕು ಬೈಗುಳ ತಿನ್ನುತ್ತಿದ್ದೆ. ನಾನಂದೆ, "ಗೊತ್ತಿಲ್ದೆ ಏನು ಸರ್? ಮತ್ತೆ ಗಡಿಯಾರ ನೋಡ್ಕೊಂಡು ಬಂದು ನಿಲ್ಲೋದು ಯಾಕೆ? ಫೋನ್ ಹಿಡ್ಕೊಂಡ್ರೆ ಜನಕ್ಕೆ ಬೇಗ ಅಳು ಬರುತ್ತೆ ಅಂತ ಅವಳೇ ಯಾರಿಗೋ ಮಾಡ್ತಾ ಇರ್ತಾಳೆ."

"ಯಾರಿಗೋ" ಎಂದು ಅವನು ಮೆಲ್ಲಗೆ ಅಂದ. ಆಮೇಲೆ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಚಿಪ್ಪಿನ ಅಂಗಡಿಯಲ್ಲೂ ಇಳಿಯಲಿಲ್ಲ. ಸಂಜೆಯ ಲಾಂಚಿಗೆ ಹೊರಟುಹೋದ.

ಅಕ್ಕ ಹದಿನೆಂಟು ದಿನ ಫೋನ್ ಮಾಡಿದಳು. ಮೊದಲು ಅವನಿಗೆ ಹುಷಾರಿಲ್ಲವೇನೋ ಅಂದಳು, ಆಮೇಲೆ ಫೋನು ಕೆಟ್ಟಿರಬೇಕು ಅಂದಳು. ಒಂದು ಬೆಳಿಗ್ಗೆ ತಟ್ಟೆಯ ಮುಂದೆ ಕೂತು, "ನಾನು ಏನಾದ್ರೂ ತಪ್ಪು ಮಾತಾಡಿದ್ನೇನೋ? ನೀನು ಗಂಡಸು, ನೀನು ಹೇಳು" ಎಂದಳು. ನಾನು ಹೇಳಿದೆ, "ಎಂಜಿನ್ನಿನವ್ರನ್ನ ನಂಬಬಾರದು ಅಕ್ಕ. ಒಂದೊಂದು ದಡಕ್ಕೆ ಒಂದೊಂದು ಮಾತು." ಅವಳು ತುತ್ತು ಕೆಳಗಿಟ್ಟಳು.  ನಾನು ಅವಳು ಇಸ್ತ್ರಿ ಹಾಕಿಕೊಟ್ಟ ಅಂಗಿ ತೊಟ್ಟು ಕೆಲಸಕ್ಕೆ ಹೋದೆ. ಆ ಹದಿನೆಂಟು ದಿನ ಅವಳು ಬಂಡೆಯ ಮೇಲೆ ನಿಂತ ರೀತಿಗೆ ನಾನು ಬಾಯಿ ಬಿಡುವ ಅಗತ್ಯವೇ ಇರಲಿಲ್ಲ. ಬಸ್ಸಿಗೆ ಬಸ್ಸೇ ಅಳುತ್ತಿತ್ತು.

ಹತ್ತೊಂಬತ್ತನೆಯ ದಿನ ಅವಳು ಬಂಡೆಯಿಂದ ಇಳಿದು ನೇರವಾಗಿ ಬಸ್ಸಿನ ಕಡೆ ನಡೆದು ಬಂದಳು. ಸೆಕೆಗೆ ಬಾಗಿಲು ತೆರೆದಿತ್ತು. ಮೆಟ್ಟಿಲ ಹತ್ತಿರದ ಹೆಂಗಸಿಗೆ, "ಮೇಡಂ, ನಿಮ್ಮ ಫೋನಿಂದ ಒಂದು ಕಾಲ್ ಮಾಡ್ಲಾ? ನನ್ನ ನಂಬರ್ ನೋಡಿದ್ರೆ ಅವ್ರು ಎತ್ತಲ್ಲ" ಎಂದಳು.

ಆ ಹೆಂಗಸು ಕಣ್ಣೀರಿನಲ್ಲೇ ಫೋನು ಕೊಟ್ಟಳು. ಅಕ್ಕ ಅದನ್ನು ಹಿಡಿದು ಬಂಡೆಗೆ ವಾಪಸ್ ಹೋದಳು. ಅವಳ ಹಿಂದೆಯೇ ಇಡೀ ಬಸ್ಸು ಇಳಿಯಿತು. ನಾನು ಮೈಕಿನಲ್ಲಿ ಬೇಡ ಬೇಡ ಎಂದರೂ ಯಾರೂ ಕೇಳಲಿಲ್ಲ. ಅಕ್ಕ ಬಾಯಿಪಾಠವಾಗಿದ್ದ ನಂಬರ್ ಒತ್ತಿದಳು.

"ಹಲೋ? ನಾನು ಕಣ್ರೀ. ಇಡಬೇಡಿ, ಒಂದು ನಿಮಿಷ ಇಡಬೇಡಿ."

"ಎತ್ತಿದ್ರು!" ಎಂದು ಯಾರೋ ಕಿರುಚಿದರು. "ಗಂಡ ಎತ್ತಿದ್ರು!" ಇಪ್ಪತ್ತೆರಡು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರು, ಒಬ್ಬ ಶಿಳ್ಳೆ ಹೊಡೆದ. ಅಕ್ಕ ಇನ್ನೊಂದು ಕಿವಿಗೆ ಕೈ ಮುಚ್ಚಿಕೊಂಡಳು. "ಯಾರೋ ಟೂರಿನೋರು... ಗೊತ್ತಿಲ್ಲ ಯಾಕೆ ತಟ್ತಿದಾರೋ... ನಾಟಕಾನಾ? ಯಾವ ನಾಟಕ? ಅಯ್ಯೋ, ಇಡಬೇಡಿ..."

ಆಚೆಯವನು ಇಟ್ಟಿದ್ದ. ಅಕ್ಕ ಮತ್ತೆ ಒತ್ತಿದಳು, ಈ ಸಲ ಎತ್ತಲಿಲ್ಲ. ಫೋನಿನ ಒಡತಿ ಅವಳ ಬೆನ್ನು ಸವರಿ, ಕೇಳಿದ ಕಥೆಯನ್ನೆಲ್ಲ ಅವಳಿಗೇ ಹೇಳಿದಳು, ಒಂದಕ್ಷರ ಬಿಡದೆ. "ಕಾಯ್ತಾ ಇರಿ ಅಕ್ಕ. ಸಮುದ್ರ ಒಂದಲ್ಲ ಒಂದಿನ ವಾಪಸ್ ಕೊಡುತ್ತೆ. ಗೈಡ್ ಎಲ್ಲಾ ಹೇಳಿದ್ರು."

ಅಕ್ಕ ನನ್ನ ಕಡೆ ತಿರುಗಿದಳು. ಕೂಗಾಡಲಿಲ್ಲ. ಜನರನ್ನು ದಾಟಿ ಬಂದು ನನ್ನ ತೋಳು ಹಿಡಿದಳು. "ಅವ್ರಿಗೆ ಫೋನ್ ಮಾಡು. ನನಗೇನೂ ಗೊತ್ತಿರ್ಲಿಲ್ಲ ಅಂತ ಹೇಳು. ಅಷ್ಟು ಹೇಳು ಸಾಕು, ಬೇರೇನೂ ಕೇಳಲ್ಲ." ಆಮೇಲೆ ಜನರಿಗೆ, "ಇವನು ನನ್ನ ತಮ್ಮ. ನನ್ನ ಗಂಡ ಸತ್ತುಹೋಗಿದಾರೆ, ನಾನು ಯಾರನ್ನೂ ಕಾಯ್ತಿಲ್ಲ" ಎಂದಳು.

ಇಪ್ಪತ್ತೆರಡು ಮುಖ ನನ್ನ ಮೇಲೆ. ನಾಲ್ಕೈದು ಫೋನುಗಳು ವೀಡಿಯೋ ಹಿಡಿಯುತ್ತಿದ್ದವು. ನನಗೆ ನಾಚಿಕೆಯಾಯಿತು, ಆಗಲಿಲ್ಲ ಎನ್ನುವುದಿಲ್ಲ. ಆದರೆ ಮೈಕು ಬಾಯಿಯ ಹತ್ತಿರವೇ ಇತ್ತು.

"ಆಯ್ತಮ್ಮ" ಎಂದೆ, ಬಹಳ ಮೃದುವಾಗಿ. "ನೀವು ಮನೆಗೆ ಹೋಗಿ. ನಾನು ಫೋನ್ ಮಾಡ್ತೀನಿ, ಅವ್ರು ಬಂದೇ ಬರ್ತಾರೆ." ಜನರ ಕಡೆ ತಿರುಗಿ, "ಒಂದೊಂದು ಸಲ ಹೀಗಾಗುತ್ತೆ. ನನ್ನನ್ನೇ ತಮ್ಮ ಅಂದ್ಕೋತಾರೆ" ಎಂದೆ.

ಹುಟ್ಟಿದಾಗಿನಿಂದ ನಾನು ಅಕ್ಕನಿಗೆ ನೀವು ಅಂದವನಲ್ಲ. ನನ್ನ ತೋಳಿನ ಮೇಲಿದ್ದ ಅವಳ ಕೈ ಸಡಿಲವಾಯಿತು. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಫೋನನ್ನು ಒಡತಿಗೆ ಕೊಟ್ಟಳು. ಒಬ್ಬ ಅಜ್ಜಿ ಅವಳ ತಲೆ ಸವರಿ, ಪಾಪ, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಪಕ್ಕದವರಿಗೆ ಹೇಳಿದಳು. ಅಕ್ಕ ಅದನ್ನೂ ಕೇಳಿಸಿಕೊಂಡಳು. ಮನೆಗೂ ಹೋಗಲಿಲ್ಲ, ಜೆಟ್ಟಿಗೂ ಹೋಗಲಿಲ್ಲ, ಅಲ್ಲೇ ಬಂಡೆಯ ಮೇಲೆ ಕೂತಳು.

ಬಸ್ಸು ಹತ್ತುವಾಗ ಒಬ್ಬ ಗೃಹಸ್ಥ ಕಣ್ಣೊರೆಸಿಕೊಳ್ಳುತ್ತ ಕೇಳಿದ. "ನಾಳೆ ನಮ್ಮ ನೆಂಟರು ಬರ್ತಿದಾರೆ. ನಾಳೆನೂ ಇರ್ತಾರಾ ಅವ್ರು?"

"ಇರ್ತಾರೆ ಸರ್" ಎಂದೆ. "ಇನ್ನೆಲ್ಲಿಗೆ ಹೋಗ್ತಾರೆ?"