ಅಚ್ಚಿನಲ್ಲಿ ಕೈ ಬದಲಿಸಿದ ಅಪ್ಪ

ಮಸಿ ಹಚ್ಚಿದ ಮರದ ಹಲಗೆಯ ಮೇಲಿಂದ ಕಾಗದ ಎತ್ತಿದೊಡನೆ ಅಕ್ಕನ ಮುಖದ ಕಳೆ ಇಳಿಯಿತು.

"ಬಲಗೈ ಬಂದ್ಬಿಟ್ಟಿದೆ ಕಣೇ!"

ಗಡಿಯಾರ ರಿಪೇರಿ ಮಾಡುತ್ತಿದ್ದ ನಮ್ಮಪ್ಪ ಪಕ್ಕಾ ಎಡಚ. ಅವರು ತೀರಿಕೊಂಡ ಮೇಲೆ ಹುಡುಕಿದರೆ, ಕೆಲಸಕ್ಕೆ ಕೂತ ಫೋಟೋ ಒಂದೂ ಮನೆಯಲ್ಲಿರಲಿಲ್ಲ. "ಹೇಗಿದ್ರೋ ಹಾಗೇ ಅವರ ಚಿತ್ರ ಮಾಡ್ಕೊಡು" ಎಂದು ಅಮ್ಮ ಅಕ್ಕನನ್ನು ಬಾಯಿಬಿಟ್ಟು ಕೇಳಿದ್ದಳು. ಹಲಗೆ ಕೆತ್ತಿ ಕಾಗದಕ್ಕೆ ಒತ್ತುವ ಅಚ್ಚಿನ ಕೆಲಸಕ್ಕೆ ಅಕ್ಕ ಹೊಸಬಳು. ಚಿಮಟ ಹಿಡಿದ ಎಡಗೈಯನ್ನು ಹಲಗೆಯ ಮೇಲೂ ಎಡಗೈಯಾಗಿಯೇ ಕೆತ್ತಿದ್ದಳು. ಕಾಗದಕ್ಕೆ ಒತ್ತಿದಾಗ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆಂಬುದು ಅಪ್ಪನ ಧ್ಯಾನದಲ್ಲಿ ಅವಳಿಗೆ ಮರೆತೇಹೋಗಿತ್ತು. ಸಂಜೆಗೆ ಅಮ್ಮ ನೋಡಲು ಬರುವವಳಿದ್ದಳು.

"ಒಲೆಗೆ ಹಾಕ್ತೀನಿ ಇದನ್ನ. ಯಾರ ಗಂಡ ಇವನು ಅಂತ ಅಮ್ಮ ಕೇಳಿದ್ರೆ?"

ಅಚ್ಚಿನ ಮನೆಯ ಒಡತಿಯನ್ನು ಎಲ್ಲರೂ ಮಸಿಯಮ್ಮ ಎನ್ನುತ್ತಿದ್ದರು. ಅವರ ಉಗುರು ಬೆಳ್ಳಗಿದ್ದದ್ದನ್ನು ಕಂಡವರಿಲ್ಲ. "ಒಲೆ ಎಲ್ಲೂ ಓಡಿಹೋಗಲ್ಲ ಮಹರಾಯ್ತಿ, ಮೊದಲು ಇವನ್ನ ನೋಡು" ಎಂದು ಎರಡು ದಪ್ಪ ಪುಸ್ತಕ ತಂದಿಟ್ಟರು.

ಒಂದರಲ್ಲಿ ಹಿಂದಿನ ಕಾಲದ ಫ್ರೆಂಚ್ ಕಲಾವಿದರ ಅಚ್ಚುಗಳು. ನದಿದಂಡೆಯ ಬೀದಿಯೊಂದರ ಚಿತ್ರ, ಪಕ್ಕದಲ್ಲೇ ಅದೇ ಬೀದಿಯ ಫೋಟೋ. ಫೋಟೋದಲ್ಲಿ ಎಡಕ್ಕಿದ್ದ ಗೋಪುರ ಅಚ್ಚಿನಲ್ಲಿ ಬಲಕ್ಕಿತ್ತು.

"ಇವರಿಗೂ ತಪ್ಪಿತಾ?" ಎಂದಳು ಅಕ್ಕ.

"ತಿರುಗುತ್ತೆ ಅಂತ ಗೊತ್ತಿದ್ದೇ ಬಿಟ್ಟಿದ್ದಾರೆ. ನೆರಳು ನೋಡು, ಹೇಗಿಳಿದಿದೆ."

ಇನ್ನೊಂದು ಮೆಕ್ಸಿಕೋದವರದು. ಹೂವಿನ ಟೋಪಿ ಹಾಕಿ ಹಲ್ಲು ಕಿರಿದ ಅಸ್ಥಿಪಂಜರ. ಬುಟ್ಟಿ ಹೊತ್ತ ಹೆಂಗಸರು, ಅವರ ತಲೆಯ ಮೇಲಿನ ಆಕಾಶದ ತುಂಬ ಉಳಿ ಎಳೆದ ಗೀರುಗಳು, ಒಂದನ್ನೂ ಮರೆಮಾಚಿಲ್ಲ.

"ಬರೀ ಎಲುಬಿಗೇ ಇಷ್ಟು ನಗು ಇದ್ರೆ, ಮೈತುಂಬಾ ಮಾಂಸ ಇರೋ ನಿನಗೇನೇ ಧಾಡಿ?" ಎಂದರು ಮಸಿಯಮ್ಮ.

ಅಕ್ಕ ಪುಟ ತಿರುವುತ್ತಲೇ ಇದ್ದಳು. ಒಳ್ಳೆಯ ಪದ್ಯ ಓದುವವರು ಸಾಲಿನ ನಡುವೆ ತಡೆದಾಗ ಕೇಳುವವರ ಉಸಿರೂ ನಿಲ್ಲುತ್ತದಲ್ಲ, ನಾವು ಅಕ್ಕತಂಗಿಯರಿಬ್ಬರೂ ಹಾಗೆ ಕೂತಿದ್ದೆವು.

"ಇಷ್ಟು ದಿನ ಯಾಕೆ ತೋರಿಸಲಿಲ್ಲ ಇವರನ್ನೆಲ್ಲ?"

"ನೀನು ಕೇಳಿದ್ಯಾ?"

ಅಕ್ಕ ಹಲಗೆಯನ್ನು ಒಲೆಗೆ ಹಾಕಲಿಲ್ಲ. ಸಂಜೆ ಅಮ್ಮ ಬಂದು, ಅಚ್ಚನ್ನು ಕೈಯಳತೆ ದೂರ ಹಿಡಿದು ನೋಡಿದಳು.

"ಕೈ ಬಲಕ್ಕೆ ಬಂದಿದೆ."

"ಅಚ್ಚಲ್ಲಿ ಹಾಗೇ ತಿರುಗೋದಮ್ಮ. ನಾನು ಮರೆತೆ." ಅಕ್ಕ ಹಲಗೆಯ ಮೇಲೆ ಕೆತ್ತಿದ್ದ ಎಡಗೈಯನ್ನು ತೋರಿಸಿದಳು.

"ತಿರುಗಲಿ ಬಿಡೇ. ಈ ಬಗ್ಗಿಸಿದ ಕತ್ತು ನೋಡು. ಊಟಕ್ಕೆ ಕರೆದ್ರೆ 'ಹೂಂ' ಅನ್ನೋದು, ಆದ್ರೆ ಮೇಲಕ್ಕೆ ಏಳೋದೇ ಇಲ್ಲ. ಅದೇ ಹಟಮಾರಿ ಕತ್ತು!" ಅಮ್ಮ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಂದು ಒತ್ತು. ಇದು ಗೋಡೆಗೆ, ಅದು ನನ್ನ ಪೆಟ್ಟಿಗೆಗೆ."

ಆ ಎರಡು ಪುಸ್ತಕದ ಕಲಾವಿದರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅಕ್ಕ ಆಗಲೇ ರೋಲರಿಗೆ ಮಸಿ ಹಚ್ಚುತ್ತಿದ್ದಳು.