ಸಾಹೇಬರ ಮುಂದೆ ಎತ್ತದ ಕೈ

ದೇವದುರ್ಗದ ಮೂಕಮ್ಮನ ಹಿರಿಮಗ ಚೀಕಲಪರ್ವಿಯ ಅಜ್ಜಿಯ ಮನೆಗೆ ಹೋದವನು, ಹೊಳೆಯಲ್ಲಿ ಎಮ್ಮೆ ತೊಳೆಯುವಾಗ ಮೂರ್ಛೆ ಬಂದು ಮೊಣಕಾಲುದ್ದದ ನೀರಿನಲ್ಲೇ ಸತ್ತಿದ್ದ. ಮಗಳು ಆದೆಮ್ಮನಿಗೂ ಅದೇ ರೋಗ ಅಂಟಿದಾಗ ಮೂಕಮ್ಮ ನೀರಮಾನ್ವಿಯ ಎಲ್ಲಮ್ಮನಿಗೆ ಉಡಿ ತುಂಬಿ, ಗಂಡ ಹಂಪಯ್ಯನೊಡನೆ ಮಗಳನ್ನು ರಾಯಚೂರಿಗೆ ಕರೆತಂದಳು. ಎರಡನೇ ಮಹಾಯುದ್ಧ ಮುಗಿದ ವರ್ಷ ಅದು. ಹೈದರಾಬಾದಿನಲ್ಲಿ ಓದಿ ಬಂದ ಡಾಕ್ಟರ್ ಶಂಭುಲಿಂಗಪ್ಪನವರು ತಮ್ಮ ದವಾಖಾನೆಯಲ್ಲಿ ಹೊಸ ಚಿಕಿತ್ಸೆ ಶುರುಮಾಡಿದ್ದರು. ಕಬ್ಬಿಣದ ಸಿಲಿಂಡರಿನಲ್ಲಿ ತುಂಬಿದ, ಮನುಷ್ಯ ಉಸಿರಿನಲ್ಲಿ ಹೊರಬಿಡುವ ಇಂಗಾಲಾಮ್ಲದ ಗಾಳಿಯನ್ನು ರಬ್ಬರಿನ ಮುಖವಾಡದಿಂದ ಉಸಿರಾಡಿದರೆ ಮೂರ್ಛೆ ನಿಲ್ಲುತ್ತದಂತೆ.

"ತಡೀಲಿಕ್ಕೆ ಆಗದಿದ್ರ ಕೈ ಎತ್ತು, ನಿಲ್ಲಿಸ್ತೀನಿ" ಎಂದು ಹೇಳಿ ಅವರು ಆದೆಮ್ಮನಿಗೆ ಮುಖವಾಡ ಹಾಕಿದರು.

ಆದೆಮ್ಮ ಎತ್ತಲಿಲ್ಲ. ಎದೆ ಹಾರಿತು, ತುಟಿ ನೇರಳೆಗಟ್ಟಿತು, ಸೀರೆ ಒದ್ದೆಯಾಯಿತು. ಕೈಗಳು ಮಾತ್ರ ಎದೆಯ ಮೇಲೆ ಮುಗಿದೇ ಇದ್ದವು.

"ಭೇಷ್! ಗಟ್ಟಿ ಹುಡುಗಿ. ನಾಳೆ ಇನ್ನಷ್ಟು ಹೊತ್ತು ಕೊಡೋಣ" ಎಂದರು ಡಾಕ್ಟರು.

ಹೊರಗೆ ಪಡಸಾಲೆಯಲ್ಲಿ ಮೂಕಮ್ಮ ಮಗಳನ್ನು ಅಲುಗಾಡಿಸಿದಳು. "ಕೈ ಯಾಕ ಎತ್ತಲಿಲ್ಲ ಬೇ?"

"ದೊಡ್ಡವ್ರ ಮುಂದ ಕೈ ಎತ್ತಿದ್ರ ಮುರೀತೀನಿ ಅಂದಾಕಿ ನೀನ ಅಲ್ಲೇನಬೇ? ಸಾಯ್ತೀನಿ ಅನ್ನಿಸ್ತು. ಆದ್ರೂ ಎತ್ತಲಿಲ್ಲ."

ಮರುದಿನ ಮುಖವಾಡ ಹಿಡಿದು ಬಂದ ಡಾಕ್ಟರಿಗೆ ಮೂಕಮ್ಮ ಇದನ್ನೇ ಹೇಳಿದಳು. ಕಂಪೌಂಡರ್ ವಲಿ ಪಾಷಾ ಕಿಸಕ್ಕನೆ ನಕ್ಕ. ಡಾಕ್ಟರು, "ನಿಮ್ಮ ಮಂದಿ ಹಿಂಗೇ" ಎನ್ನುತ್ತ ಆದೆಮ್ಮನ ಮುಖಕ್ಕೆ ರಬ್ಬರು ಒತ್ತಿ ಸಿಲಿಂಡರಿನ ತಿರುಪು ತಿರುಗಿಸಿದರು.

"ಇದನ್ನ ಸಾವ್ಕಾರ್ರ ಮಕ್ಕಳಿಗೆ ಕೊಟ್ಟೀರೇನ್ರಿ?" ಎಂದಳು ಮೂಕಮ್ಮ.

"ಅವರಿಗೆ ಹೆಂಗ ಕೊಡೋದು? ಮೊದಲು ಗುಣ ಗೊತ್ತಾಗಬೇಕಲ್ಲ."

ಮೂಕಮ್ಮ ಮುಖವಾಡವನ್ನು ಕಿತ್ತು ನೆಲಕ್ಕೆ ಬಡಿದಳು. "ಗುಣ ನೋಡಾಕ ನನ್ನ ಮಗಳ ಉಸಿರ ಬೇಕೇನು? ನಿಮ್ಮ ಹೊಟ್ಟ್ಯಾಗ ಹುಟ್ಟಿದ್ದನ್ನ ಮಲಗಿಸ್ರಿ!"

"ಕಾಲಿಗೆ ಬೀಳು, ಸಾಹೇಬ್ರು ಸಿಟ್ಟಾಗ್ಯಾರ" ಎಂದು ಹೆಂಡತಿಯ ಸೆರಗು ಜಗ್ಗಿದ ಹಂಪಯ್ಯ.

"ನೀ ಬೀಳು. ನಾ ಹೊಂಟೆ."

"ಇನ್ನೊಮ್ಮೆ ಈ ಹೊಸ್ತಿಲು ತುಳೀಬ್ಯಾಡ್ರಿ. ಸತ್ತರೆ ನಿಮ್ಮದೇ ಪಾಪ" ಎಂದು ಡಾಕ್ಟರು ಕೂಗಿದರು.

ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಆದೆಮ್ಮನ ಕಣ್ಣು ಮೇಲಕ್ಕೆ ತಿರುಗಿದವು, ಹಲ್ಲು ಕಚ್ಚಿಕೊಂಡವು. ಮೂಕಮ್ಮ ರಸ್ತೆಯ ಮಣ್ಣಿನಲ್ಲಿ ಕುಳಿತು ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡು, ನೊರೆ ಒರೆಸುತ್ತ, ನೆರೆದ ಜನರಿಗೆ ಬೈದಳು. ಕೊನೆಗೆ ಆಕಾಶವನ್ನೂ ಬಿಡಲಿಲ್ಲ.

"ಯವ್ವಾ ಎಲ್ಲವ್ವಾ, ಡಾಕ್ಟರ ಕೈಯಾಗಿಂದ ಬಿಡಿಸ್ಕೊಂಡು ಬಂದೀನಿ. ಈಗ ನೀ ಏನ್ ಮಾಡ್ತೀ? ಹೇಳು!"